ಮದುವೆ ಕಾರ್ಡಿನ ಹಿಂದೆ ಬರೆದ ಇಂಗ್ಲಿಷ್

ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಪದಗಳೇ ಸಿಗುತ್ತಿರಲಿಲ್ಲ. ಸರಿ, ಒಂದು ಡಿಕ್ಷನರಿ ತಂದು, ದಿನಕ್ಕೆ ಹತ್ತು ಪದ ಅಂತ 200 ಪುಟದ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. 'ಎ' ಅಕ್ಷರದಿಂದ ಶುರು. ಅಬೇಟ್, ಅಬ್ಡಿಕೇಟ್... ಸಿಂಹಾಸನ ಬಿಟ್ಟುಕೊಡುವ ಮಾತು ನಮ್ಮ ಆಫೀಸಿನಲ್ಲಿ ಯಾವತ್ತೂ ಬರಲಿಲ್ಲ. 'ಸಿ' ಮುಟ್ಟುವಷ್ಟರಲ್ಲಿ 'ಎ' ಪೂರ್ತಿ ಮರೆತುಹೋಗಿತ್ತು.

ಆಮೇಲೆ ನಮ್ಮ ಮ್ಯಾನೇಜರ್ ರಿಟೈರ್ ಆದರು. ಬೀಳ್ಕೊಡುಗೆ ದಿನ ನಾನೂ ನಾಲ್ಕು ಮಾತಾಡಿದೆ. ಅವರದು ಮಗುವಿನಂಥ ನಗು. ಅದನ್ನು 'ಚೈಲ್ಡಿಶ್ ಸ್ಮೈಲ್' ಅಂದುಬಿಟ್ಟೆ. ಎಲ್ಲರೂ ಒಮ್ಮೆ ಸುಮ್ಮನಾದರು. ಚೈಲ್ಡಿಶ್ ಅಂದರೆ ಹುಡುಗಾಟಿಕೆ, ಬೈಗುಳದ ಹತ್ತಿರದ ಮಾತು. ಅಲ್ಲಿ ಬೇಕಿದ್ದದ್ದು 'ಚೈಲ್ಡ್‌ಲೈಕ್'. ಪುಣ್ಯಕ್ಕೆ ಅವರು ನಕ್ಕರು, ಅದೇ ನಗು.

ಅವತ್ತೇ ನೋಟ್‌ಬುಕ್ ಅಟ್ಟಕ್ಕೆ ಹೋಯಿತು. ಒಂಟಿ ಪದ ಕಲಿತು ಪ್ರಯೋಜನವಿಲ್ಲ ಅನ್ನುವುದು ನಮಗೆ ಹೊಸದೇನಲ್ಲ. ಕನ್ನಡದಲ್ಲಿ ಸೀಟಿ ಹೊಡೆಯುತ್ತೇವೆ, ಬಣ್ಣ ಹೊಡೆಯುತ್ತೇವೆ, ಗೊರಕೆಯನ್ನೂ ಹೊಡೆಯುತ್ತೇವೆ. 'ಹೊಡೆ' ಒಂದನ್ನೇ ಕಲಿತವನಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು? ಇಂಗ್ಲಿಷಿನಲ್ಲೂ ಹಾಗೇ. ನಾನು ಯಾವಾಗಲೂ 'ಐ ಡಿಡ್ ಎ ಮಿಸ್ಟೇಕ್' ಅನ್ನುತ್ತಿದ್ದೆ. ನಮಗೆ ಹೋಮ್‌ವರ್ಕೂ ಮಾಡುವುದೇ, ತಪ್ಪೂ ಮಾಡುವುದೇ. ಅವರಿಗೆ ಹೋಮ್‌ವರ್ಕ್ 'ಡೂ', ಮಿಸ್ಟೇಕ್ 'ಮೇಕ್'. ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ, ಜೋಡಿಯಾಗಿಯೇ ಬಾಯಿಗೆ ಬರಬೇಕು.

ಹಾಗಾಗಿ ಮನೆಯಲ್ಲಿ ರಾಶಿ ಬಿದ್ದಿದ್ದ ಮದುವೆ ಕಾರ್ಡುಗಳನ್ನು ಕತ್ತರಿಸಿ ಚೀಟಿ ಮಾಡಿದೆ. ಒಂದು ಕಡೆ ಕನ್ನಡ ವಾಕ್ಯ, ಇನ್ನೊಂದು ಕಡೆ ಅದರ ಇಂಗ್ಲಿಷ್. ಪದವಲ್ಲ, ಇಡೀ ವಾಕ್ಯ. ಅದೂ ಆ ವಾರ ನನಗೆ ಆಫೀಸಿನಲ್ಲಿ ಬೇಕಾಗಿ, ಸಿಗದೆ ತಡವರಿಸಿದ್ದು ಮಾತ್ರ. ಮೂರು ಸ್ವೀಟ್ ಡಬ್ಬಿ ಇಟ್ಟೆ. ಮೊದಲನೆಯದನ್ನು ದಿನಾ ನೋಡುವುದು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿ ಹೇಳಿದರೆ ಚೀಟಿಗೆ ಮುಂದಿನ ಡಬ್ಬಿಗೆ ಬಡ್ತಿ. ತಪ್ಪಿದರೆ ವಾಪಸ್ ಮೊದಲನೆಯದಕ್ಕೆ. ಇದು ನನ್ನ ತಲೆಯಿಂದ ಬಂದದ್ದಲ್ಲ, ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು 1970ರ ದಶಕದಲ್ಲಿ ಜರ್ಮನ್ ಓದುಗರಿಗೆ ಹೇಳಿಕೊಟ್ಟ ಉಪಾಯ. ಸ್ವೀಟ್ ಡಬ್ಬಿ ಮಾತ್ರ ನನ್ನದು.

ಇನ್ನೊಂದು ಮಜಾ ಸಿಕ್ಕಿದ್ದು ಬಸ್ಸಿನಲ್ಲಿ. ಕಂಡಕ್ಟರ್ ಅನ್ನುವ ಪದ ಚಿಕ್ಕಂದಿನಿಂದ ಗೊತ್ತು, ಅಲ್ವಾ? ಅದರೊಳಗಿನ 'ಡಕ್ಟ್' ಲ್ಯಾಟಿನ್ನಿನದು, ಕರೆದೊಯ್ಯುವುದು ಅಂತ ಅರ್ಥ. ಸಂಬಳದ ಚೀಟಿಯಲ್ಲಿ ನನ್ನ ದುಡ್ಡು ಕರೆದೊಯ್ಯುವ 'ಡಿಡಕ್ಷನ್' ಕೂಡ ಅದೇ ವಂಶ. 'ಅಬ್ಡಕ್ಟ್' ಅಂದರೆ ಎತ್ತಿಕೊಂಡು ಹೋಗುವುದು. ಹೀಗೆ ಗೊತ್ತಿದ್ದ ಪದದ ನೆಂಟರನ್ನು ಹುಡುಕುತ್ತಾ ಹೋದೆ. ಆದರೆ ಇದನ್ನೇ ಪೂರ್ತಿ ನಂಬಬೇಡಿ. ಅರ್ಥ ಊಹಿಸೋಕೆ ಸರಿ, ಮಾತಾಡೋಕೆ ಚೀಟಿಯೇ ಬೇಕು.

ಎರಡು ವರ್ಷ ಆಯಿತು. ಮೂರನೇ ಡಬ್ಬಿ ತುಂಬಿ, ಈಗ ಶೂ ಡಬ್ಬಿಗೆ ಬಂದಿದ್ದೇನೆ. 'ಥ್ರೂ', 'ದೋ', 'ಥಾಟ್', 'ಥರೋ' ಈ ನಾಲ್ಕರ ಸ್ಪೆಲಿಂಗ್ ಚೀಟಿ ಮಾತ್ರ ಮೊದಲ ಡಬ್ಬಿ ಬಿಟ್ಟು ಕದಲುತ್ತಿಲ್ಲ.