ಗಟ್ಟಿಗಿತ್ತಿ ಅಜ್ಜಿಯ ಬದುಕನ್ನು ಬರೆದಿಡುವುದು ಹೇಗೆ

ಒಬ್ಬಳೇ ಕಾಶಿಗೆ ಹೋಗಿಬಂದ ಅಜ್ಜಿ, ಗಂಡ ತೀರಿಕೊಂಡ ಮೇಲೆ ತಾನೇ ಗದ್ದೆಗಿಳಿದು ಎತ್ತು ಹೂಡಿದ ಅಜ್ಜಿ. ಇಂಥವರ ಬಗ್ಗೆ ಬರೆಯಲು ಕೂತರೆ ಮೊದಲ ಸಾಲಿಗೇ ‘ಧೈರ್ಯವಂತೆ’, ಎರಡನೆಯದಕ್ಕೆ ‘ತ್ಯಾಗಮಯಿ’ ಬಂದು ಕೂರುತ್ತದೆ. ಅಜ್ಜಿ ಮಾತ್ರ ಕಾಣುವುದಿಲ್ಲ. ಸಾಲುಮರದ ತಿಮ್ಮಕ್ಕನ ಹೆಸರೆತ್ತಿದರೆ ಹುಲಿಕಲ್–ಕುದೂರು ರಸ್ತೆ, ಆಲದ ಸಾಲು, ಕೊಡದಲ್ಲಿ ಹೊತ್ತ ನೀರು ಕಣ್ಣಮುಂದೆ ಬರುತ್ತವಲ್ಲ, ನಿಮ್ಮಜ್ಜಿಗೂ ಅಂಥದೊಂದು ರಸ್ತೆ, ಅಂಥದೊಂದು ಕೊಡ ಹುಡುಕಬೇಕು.

ದುಡ್ಡಿನಿಂದ ಶುರುಮಾಡಿ. “ಭಯ ಆಗಲಿಲ್ವಾ?” ಅಂತ ಕೇಳಿದರೆ “ಭಯ ಎಂಥದು, ಹೋದೆ, ಬಂದೆ” ಅಂದು ಎದ್ದುಹೋಗುತ್ತಾರೆ. “ಟಿಕೀಟಿಗೆ ದುಡ್ಡು ಎಲ್ಲಿಂದ ತಂದೆ ಅಜ್ಜಿ?” ಅನ್ನಿ. ಹಾಲು ಮಾರಿದ್ದು, ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟದ್ದು, ಚೀಟಿ ಎತ್ತಿದ್ದು, ಬಳೆ ಅಡವಿಟ್ಟದ್ದು ಒಂದೊಂದಾಗಿ ಹೊರಬರುತ್ತದೆ. ಆಮೇಲೆ ಮಕ್ಕಳನ್ನು ಯಾರ ಹತ್ತಿರ ಬಿಟ್ಟೆ, ಗಂಟಿನಲ್ಲಿ ಏನೇನಿತ್ತು, ರಾತ್ರಿ ಎಲ್ಲಿ ಮಲಗಿದೆ, ಬೇಡ ಅಂದವರು ಯಾರು ಅಂತ ಕೇಳುತ್ತಾ ಹೋಗಿ. ಕೊನೆಯ ಪ್ರಶ್ನೆಯನ್ನು ಸೊಸೆಯಂದಿರ ಎದುರು ಕೇಳಬೇಡಿ. ಉತ್ತರ ಬದಲಾಗುತ್ತದೆ.

ಎದುರಿಗೆ ಕೂರಿಸಿಕೊಂಡು ಸಂದರ್ಶನ ಮಾಡಿದರೆ ಮಾತು ಒಣಗುತ್ತದೆ. ಅವರೆಕಾಯಿ ಸುಲಿಯುವಾಗಲೋ ಬತ್ತಿ ಹೊಸೆಯುವಾಗಲೋ ಮೊಬೈಲ್ ರೆಕಾರ್ಡರ್ ಹಾಕಿ. ಕಾಳು ಸ್ಟೀಲ್ ತಟ್ಟೆಗೆ ಬಿದ್ದರೆ ಅಜ್ಜಿಯ ದನಿಗಿಂತ ಟಣಟಣ ಸದ್ದೇ ಜೋರಾಗಿ ಕೇಳುತ್ತದೆ, ಆದ್ದರಿಂದ ಮೊರ ಕೊಡಿ. ಮೊಬೈಲನ್ನು ಮಡಚಿದ ಟವೆಲ್ ಮೇಲೆ, ಅವರ ಬಾಯಿಂದ ಒಂದೂವರೆ ಗೇಣು ದೂರದಲ್ಲಿಡಿ. ಫ್ಯಾನ್ ಆರಿಸಿ. ಫ್ಲೈಟ್ ಮೋಡ್ ಹಾಕದಿದ್ದರೆ ನಡುವೆ ಬರುವ ಕರೆಗೆ ರೆಕಾರ್ಡಿಂಗ್ ನಿಂತುಹೋಗಬಹುದು. ಮೊದಲು ಎರಡು ನಿಮಿಷ ಮಾಡಿ ಕೇಳಿನೋಡಿ. ಒಂದು ಸಲಕ್ಕೆ 40 ನಿಮಿಷ ಸಾಕು. ಅದೇ ರಾತ್ರಿ ಕೇಳಿ, ಊರು ಮತ್ತು ಮಂದಿಯ ಹೆಸರನ್ನು ಅಜ್ಜಿ ಉಚ್ಚರಿಸಿದ ಹಾಗೇ ಬರೆದುಕೊಳ್ಳಿ. ತಿಂಗಳು ಬಿಟ್ಟರೆ ‘ಆ ಶೆಟ್ಟರು’ ಯಾರು ಅನ್ನುವುದು ನಿಮಗೇ ಮರೆತಿರುತ್ತದೆ.

ಹೆಚ್ಚು ತಪ್ಪುವುದು ಇಸವಿ. “ಯಾವ ವರ್ಷ?” ಅಂತ ಕೇಳಿ ಪ್ರಯೋಜನವಿಲ್ಲ. “ಆಗ ಕೈಗೂಸು ಯಾರು?” ಅನ್ನಿ; ಇಸವಿ ಮರೆತ ಅಜ್ಜಿಗೂ ಅದು ಮರೆತಿರುವುದಿಲ್ಲ. ಗಾಂಧಿ ತೀರಿಕೊಂಡ ಸುದ್ದಿ (1948, ಜನವರಿ 30), ಮೈಸೂರು ರಾಜ್ಯ ಒಂದಾದದ್ದು (1956), ಮಲೆನಾಡಿನವರಿಗೆ ಲಿಂಗನಮಕ್ಕಿಯ ಮುಳುಗಡೆ (ಅಣೆಕಟ್ಟು ಮುಗಿದದ್ದು 1964), ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತ ಚುನಾವಣೆ (1978), ಇವುಗಳ ಹಿಂದೋ ಮುಂದೋ ಅಂತ ಕೇಳುತ್ತಾ ಬಂದರೆ ಒಂದೆರಡು ವರ್ಷದ ಅಂತರಕ್ಕೆ ಬಂದು ನಿಲ್ಲಬಹುದು. ಜಾತಕದಲ್ಲಿ ಸಂವತ್ಸರ ಇದ್ದರೆ ಅದೃಷ್ಟ, ಆದರೆ ಲೆಕ್ಕ ಯುಗಾದಿಯಿಂದ ಯುಗಾದಿಗೆ. ಸರ್ವಜಿತು ಅಂದರೆ 1947–48. ಸರ್ವಜಿತು ಸಂವತ್ಸರದ ಮಾಘದಲ್ಲಿ ಹುಟ್ಟಿದವರಿಗೆ 1947 ಅಂತ ಬರೆದರೆ ತಪ್ಪು, ಅದು 1948ರ ಫೆಬ್ರವರಿ–ಮಾರ್ಚ್. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಮುತ್ತಜ್ಜಿಯ ಲೆಕ್ಕದಲ್ಲಿ ಇನ್ನಷ್ಟು ಎಚ್ಚರ ಬೇಕು. ಆಣೆಯ ಮಾತು ಬಂದ ಕೂಡಲೇ ಅದು 1957ಕ್ಕಿಂತ ಹಿಂದಿನದು ಅಂದುಕೊಳ್ಳಬೇಡಿ, ನಯಾಪೈಸೆ ಬಂದ ಎಷ್ಟೋ ವರ್ಷದ ನಂತರವೂ 25 ಪೈಸೆ ನಾಲ್ಕಾಣೆಯೇ ಆಗಿತ್ತು. ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತಿದ್ದರೆ ಮೇಷ್ಟ್ರು ಅಂದಾಜಿಗೆ ಹಾಕಿದ್ದಿರಬಹುದು.

ಇನ್ನು ಟ್ರಂಕು. ಕಾರ್ಡು, ಇನ್‌ಲ್ಯಾಂಡ್ ಕಾಗದದ ಮೇಲಿನ ಅಂಚೆ ಮುದ್ರೆಯಲ್ಲಿ ಊರು, ತಾರೀಖು ಎರಡೂ ಇರುತ್ತವೆ. ಸ್ಟಾಂಪಿನ ಆಸೆಗೆ ಮಕ್ಕಳು ಕತ್ತರಿಸಿದರೆ ಜೊತೆಗೆ ತಾರೀಖೂ ಹೋಗುತ್ತದೆ. ಕಪ್ಪು ಹಾಳೆಯ ಆಲ್ಬಮ್ಮಿಗೆ ಗೋಂದಿನಲ್ಲಿ ಅಂಟಿದ ಫೋಟೋವನ್ನು ಕೀಳಬೇಡಿ; ಇಡೀ ಪುಟವನ್ನೇ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಸ್ಕ್ಯಾನರ್ ಇದ್ದರೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಇಡಿ. ಬಿಡಿ ಫೋಟೋದ ಹಿಂದೆ ಸ್ಟುಡಿಯೋ ಮುದ್ರೆ ಇದೆಯೇ ನೋಡಿ. ಹೆಸರು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ. ಬಾಲ್‌ಪೆನ್ ಒತ್ತಿದರೆ ಮುಂಭಾಗದಲ್ಲಿ ಗೆರೆ ಏಳುತ್ತದೆ. ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ. ಎಲ್ಲದರ ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿ.

ಅಜ್ಜಿ ಜಮೀನು ನಡೆಸಿದವರಾದರೆ ತಾಲ್ಲೂಕು ಕಚೇರಿಯಲ್ಲಿ ಹಳೆಯ ಕೈಬರಹದ ಪಹಣಿಗೆ ಅರ್ಜಿ ಹಾಕಿ. 9ನೇ ಕಾಲಂನಲ್ಲಿ ಖಾತೆದಾರರು, 12ರಲ್ಲಿ ಸಾಗುವಳಿದಾರರು. ಎರಡರಲ್ಲೂ ಅಜ್ಜನ ಹೆಸರೇ ಇದ್ದರೆ ಅಜ್ಜಿ ದುಡಿಯಲಿಲ್ಲ ಅಂತಲ್ಲ. ಪಕ್ಕದ ಹೊಲದವರನ್ನು ಕೇಳಿ.

ಅಜ್ಜಿ ಈಗಿಲ್ಲವಾದರೆ ಮಕ್ಕಳಿಗಿಂತ ಮೊದಲು ಅವರ ವಾರಗೆಯವರನ್ನು ಹಿಡಿಯಿರಿ: ತಂಗಿ, ನಾದಿನಿ, ನೆರೆಮನೆಯಾಕೆ. ಮಕ್ಕಳಿಗೆ ಗೊತ್ತಿರುವುದು ಅಮ್ಮ, ಅವಳ ಪುಂಡಾಟ ಗೊತ್ತಿರುವುದು ಗೆಳತಿಯರಿಗೆ. ದೊಡ್ಡಪ್ಪ ಒಂದು ಹೇಳಿ ಸೋದರತ್ತೆ ಇನ್ನೊಂದು ಹೇಳಿದರೆ ಪಂಚಾಯ್ತಿ ಮಾಡಬೇಡಿ, ಯಾರು ಹೇಳಿದ್ದು ಅಂತ ಹಾಕಿ ಎರಡನ್ನೂ ಬರೆಯಿರಿ.

ಅಜ್ಜಿ ಇದ್ದರೆ, ಬರೆದದ್ದನ್ನು ಪ್ರಿಂಟಿಗೆ ಕೊಡುವ ಮುಂಚೆ ಅವರೊಬ್ಬರಿಗೇ ಗಟ್ಟಿಯಾಗಿ ಓದಿ ಹೇಳಿ. “ಇದು ಬ್ಯಾಡ” ಅಂದ ಸಾಲನ್ನು ಅಲ್ಲೇ ಹೊಡೆದುಹಾಕಿ. ರೆಕಾರ್ಡರ್ ಆಗಲೂ ಓಡುತ್ತಿರಲಿ, ಅವರಿಗೆ ಹೇಳಿಯೇ. ತಪ್ಪು ತಿದ್ದುವ ನೆಪದಲ್ಲಿ ಅಜ್ಜಿಯರು ಹೊಸ ಕಥೆ ತೆಗೆಯುವುದು ಇಂಥ ಹೊತ್ತಿನಲ್ಲೇ.