ವಿಜಯಪುರದಿಂದ ಮೊರೊಕ್ಕೊಗೆ: ಮರುಭೂಮಿ ರೇಸ್‌ಗೆ ಸೈಕಲ್, ಸಾಮಾನು, ಪೆಟ್ಟಿಗೆ

ನಮ್ಮ ಭಾಗದ ಹುಡುಗರಿಗೆ ಸೈಕಲ್ ಹೊಡೆಯುವುದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ವಿಜಯಪುರ, ಬಾಗಲಕೋಟೆ, ಚಂದರಗಿ ಕ್ರೀಡಾ ಶಾಲೆ, ಎಲ್ಲ ಕಡೆಯಿಂದಲೂ ಒಳ್ಳೆಯ ಸವಾರರು ಬರುತ್ತಲೇ ಇದ್ದಾರೆ. ನನ್ನ ಅಂಗಡಿಯಲ್ಲಿ ಅವರ ಸೈಕಲ್ ರಿಪೇರಿ ಮಾಡುತ್ತಲೇ ನನಗೂ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯ ಹುಚ್ಚು ಹತ್ತಿತು. ಈಗ ಕೆಲವರು ಬಂದು, "ಅಣ್ಣಾ, ಮರುಭೂಮಿ ರೇಸಿಗೆ ಹೊಂಟೀನ್ರಿ, ಏನೇನ್ ಬೇಕು ಹೇಳ್ರಿ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಇಡೋಣ ಅನ್ನಿಸಿತು.

ಎಲ್ಲರೂ ಮೊದಲು ಕೇಳುವುದು ಬಿಸಿಲಿನ ಬಗ್ಗೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನವರು ನಾವು, ಬಿಸಿಲು ನಮಗೇನು ಹೊಸದಾ? ನಮಗೆ ಗೊತ್ತಿಲ್ಲದ್ದು ಎರಡೇ. ಒಂದು, ಮರುಭೂಮಿಯ ರಾತ್ರಿ ಚಳಿ. ಇನ್ನೊಂದು, ಸೈಕಲ್ ಬಿಚ್ಚಿ ಪೆಟ್ಟಿಗೆಗೆ ಹಾಕಿ ವಿಮಾನ ಹತ್ತಿಸುವ ಕೆಲಸ. ಹಾಗಾಗಿ ಅವೆರಡರ ಬಗ್ಗೆ ಇಲ್ಲಿ ಜಾಸ್ತಿ ಹೇಳುತ್ತೇನೆ.

ಉದಾಹರಣೆಗೆ ಮೊರೊಕ್ಕೊದ ಅಟ್ಲಾಸ್ ಮೌಂಟನ್ ರೇಸ್ ತೆಗೆದುಕೊಳ್ಳಿ. ಮೊದಲ ಸಲ ನಡೆದದ್ದು 2020ರ ಫೆಬ್ರವರಿಯಲ್ಲಿ. ಆ ಸಲ ಮರಕೇಶ್‌ನಿಂದ ಅಗಾದಿರ್ ಕಡೆಗೆ ಸುಮಾರು 1,150 ಕಿ.ಮೀ. ಇತ್ತು, ಏರಿದ್ದೆಲ್ಲ ಕೂಡಿಸಿದರೆ ಹತ್ತಿರ ಹತ್ತಿರ 20,000 ಮೀಟರ್. ದಾರಿ ಬಹುಪಾಲು ಕಲ್ಲು, ಜಲ್ಲಿ, ಒಣ ಹಳ್ಳ. ಹಿಂದೆ ಗಾಡಿ ಬರುವುದಿಲ್ಲ. ಗೆಳೆಯರು ನೀರು ತಂದು ಕೊಡುವಂತಿಲ್ಲ. ಎಲ್ಲರಿಗೂ ತೆರೆದಿರುವ ಅಂಗಡಿ, ಹೋಟೆಲ್‌ನಲ್ಲಿ ಏನು ಸಿಗುತ್ತದೋ ಅದನ್ನು ಕೊಳ್ಳಬಹುದು, ಅಷ್ಟೇ. ನಮ್ಮಲ್ಲಿ 600 ಕಿ.ಮೀ. ಬ್ರೆವೆಯನ್ನು 40 ಗಂಟೆಯೊಳಗೆ ಮುಗಿಸಿದವರಿಗೆ ನಿದ್ದೆಗೆಟ್ಟು ಹೊಡೆಯುವುದು ಗೊತ್ತು. ಆದರೆ ಅದು ಡಾಂಬರು ರಸ್ತೆ, ದಾರಿಯುದ್ದಕ್ಕೂ ಚಹಾದಂಗಡಿ. ಇಲ್ಲಿ ಗಂಟೆಗೆ 10 ಕಿ.ಮೀ. ಸಾಗಿದರೂ ಪುಣ್ಯ ಅನ್ನುವ ಜಾಗಗಳಿವೆ.

ಟೈರ್ ಮತ್ತು ಜಾಲಿ ಮುಳ್ಳು

ದುಡ್ಡು ಖರ್ಚು ಮಾಡುವುದಾದರೆ ಮೊದಲು ಟೈರಿಗೆ ಮಾಡಿ. ಕಾರ್ಬನ್ ಫ್ರೇಮ್ ಆಮೇಲೆ. 2.2 ಇಂಚು ಅಥವಾ ಅದಕ್ಕಿಂತ ಅಗಲದ, ಪಕ್ಕದ ಗೋಡೆ ಗಟ್ಟಿ ಇರುವ ಟ್ಯೂಬ್‌ಲೆಸ್ ಟೈರ್ ಇರಲಿ. ಪರೀಕ್ಷೆ ಮಾಡಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಇಲ್ಲ. ಹೊಲದ ಬದುವಿನ ದಾರಿ ಹಿಡಿದರೆ ಜಾಲಿ ಮುಳ್ಳು ಬೇಕಾದಷ್ಟು. ಮುಳ್ಳು ಕಿತ್ತ ತಕ್ಷಣ ಸೀಲಂಟ್ (ತೂತು ಮುಚ್ಚಲು ಟೈರಿನೊಳಗೆ ತುಂಬುವ ದ್ರವ) ಬುಸ್ ಎಂದು ಬಂದು ತೂತು ಮುಚ್ಚಬೇಕು. ಗಾಲಿ ತಿರುಗಿಸುತ್ತಾ ಎರಡು ನಿಮಿಷ ನೋಡಿ. ಮುಚ್ಚದಿದ್ದರೆ ಒಳಗೆ ಸೀಲಂಟ್ ಒಣಗಿದೆ ಎಂದೇ ಅರ್ಥ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ. ಹೊರಡುವ ವಾರ ಹೊಸದಾಗಿ ತುಂಬಿಸಿ, ಚಿಕ್ಕ ಬಾಟಲಿಯಲ್ಲಿ ಸ್ವಲ್ಪ ಜೊತೆಗೂ ಇರಲಿ. ಮುಳ್ಳು ಅಲ್ಲೂ ಇದೆ. ಮೊರೊಕ್ಕೊದ ನೈಋತ್ಯ ಭಾಗದಲ್ಲಿ ಬೆಳೆಯುವ ಅರ್ಗಾನ್ ಮರವೂ ಮುಳ್ಳಿನ ಮರವೇ.

ಪಂಕ್ಚರ್ ದೊಡ್ಡ ವಿಷಯ ಅಲ್ಲ, ಪ್ಲಗ್ ಹಾಕಿದರೆ ಮುಗಿಯಿತು. ಟೈರಿನ ಪಕ್ಕ ಕಲ್ಲಿಗೆ ಸೀಳಿದರೆ ಕಷ್ಟ. ಅದಕ್ಕೆ ಚಪ್ಪಲಿ ಹೊಲಿಯುವ ಮೇಣದ ದಾರ, ದಪ್ಪ ಸೂಜಿ ಒಯ್ಯಿರಿ. ಒಳಗಿಂದ ಇಡಲು ಹಳೆ ಟೈರಿನ ತುಂಡು ಒಂದಿರಲಿ. ಹೊಲಿದು, ತುಂಡು ಇಟ್ಟು, ಟ್ಯೂಬ್ ಹಾಕಿ ಮುಂದಕ್ಕೆ ಹೋಗಬಹುದು. ಟ್ಯೂಬ್ ಎರಡು ಇರಲಿ. ಪಂಪು ಕೈಯದ್ದೇ ಸಾಕು. ಗ್ಯಾಸ್ ಕಾರ್ಟ್ರಿಜ್ ನಂಬಿಕೊಂಡು ಹೋದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಅದು ಉಳಿದುಹೋಗಬಹುದು.

ಮರಳಿನಲ್ಲಿ ಹೊಡೆಯುವುದು ಬೇರೆಯೇ ವಿದ್ಯೆ. ಇಂಡಿ, ಚಡಚಣ ಕಡೆ ಬೇಸಿಗೆಯಲ್ಲಿ ಭೀಮಾ ನದಿ ಪಾತ್ರ ಒಣಗಿದಾಗ ಹೋಗಿ ಅಭ್ಯಾಸ ಮಾಡಿ. ಟೈರಿನ ಗಾಳಿ ಇಳಿಸಿ, ಹಗುರ ಗೇರ್‌ನಲ್ಲಿ ಒಂದೇ ಸಮ ತುಳಿಯಬೇಕು. ಹ್ಯಾಂಡಲ್ ಗಟ್ಟಿಯಾಗಿ ಹಿಡಿದಷ್ಟೂ ಮುಂದಿನ ಗಾಲಿ ಹೂತುಕೊಳ್ಳುತ್ತದೆ. ಇಳಿದು ತಳ್ಳುವುದನ್ನೂ ಕಲಿಯಿರಿ, ಅದರಲ್ಲಿ ನಾಚಿಕೆ ಇಲ್ಲ. ಏರು ದಾರಿ ನಮ್ಮಲ್ಲಿ ಇಲ್ಲ. ಅದಕ್ಕೆ ಬೆಳಗಾವಿ ಕಡೆ ಹೋಗಿ ಚೋರ್ಲಾ ಘಾಟ್ ಹತ್ತಿ ಇಳಿಯಿರಿ, ಬ್ಯಾಗು ತುಂಬಿಕೊಂಡೇ.

ಚೈನಿಗೆ ಅಂಟು ಎಣ್ಣೆ ಬೇಡ. ದೂಳು ಕೂತು ಅರೆಯುತ್ತದೆ. ಮೇಣದ ಲ್ಯೂಬ್ ಹಾಕಿ, ಬಣ್ಣ ಹಚ್ಚುವ ಅರ್ಧ ಇಂಚಿನ ಬ್ರಷ್ ಒಂದನ್ನು ಬ್ಯಾಗಿಗೆ ಸೇರಿಸಿ. ದಿನಕ್ಕೊಮ್ಮೆ ಒಣ ಬ್ರಷ್‌ನಿಂದ ಕೊಡವಿದರೆ ಸಾಕು. ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಡಿರೇಲರ್ ಅನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಒಂದು, ಬ್ರೇಕ್ ಪ್ಯಾಡ್ ಎರಡು ಜೊತೆ, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್, ಶೂ ಅಡಿಯ ಕ್ಲೀಟಿನ ಬೋಲ್ಟ್, ಒಂದಿಷ್ಟು ಜಿಪ್ ಟೈ ಜೊತೆಗಿರಲಿ. ನಿಮ್ಮ ಸೈಕಲ್ಲಿನ ಹ್ಯಾಂಗರ್ ಸಾಮಾನ್ಯವಾಗಿ ಆ ಮಾಡೆಲ್ಲಿಗೆ ಮಾತ್ರ ಕೂರುತ್ತದೆ, ಹಾದಿಯಲ್ಲಿ ಸಿಗುವುದು ಕಷ್ಟ. ಇದೊಂದನ್ನು ಮರೆಯಬೇಡಿ.

ಬ್ಯಾಗ್ ನಮ್ಮ ಬಜಾರಿನಲ್ಲೇ ಹೊಲಿಸಿ

ಫ್ರೇಮ್ ನಡುವಿನ ಬ್ಯಾಗು ಹೊರಗಿನಿಂದ ತರಿಸಿದರೆ ದುಬಾರಿ. ಮೇಲಾಗಿ ನಿಮ್ಮ ಫ್ರೇಮಿಗೆ ಸರಿಯಾಗಿ ಕೂರುವ ಖಾತ್ರಿ ಇಲ್ಲ. ನಾನು ಆಟೊ, ಬೈಕ್ ಸೀಟ್ ಕವರ್ ಹೊಲಿಯುವ ಕಾಕಾ ಒಬ್ಬರ ಹತ್ತಿರ ಹೊಲಿಸುತ್ತೇನೆ. ಅವರ ಮಷಿನ್ ದಪ್ಪ ರೆಕ್ಸಿನ್ ಹೊಲಿಯುವಂಥದ್ದು, ಬ್ಯಾಗಿನ ಬಟ್ಟೆ ಅದಕ್ಕೆ ಲೆಕ್ಕಕ್ಕಿಲ್ಲ.

ಮೊದಲು ರಟ್ಟು ತೆಗೆದುಕೊಂಡು ಫ್ರೇಮಿನ ಒಳಗಿನ ತ್ರಿಕೋನಕ್ಕೆ ಹಿಡಿದು ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಆ ಗೆರೆಗಿಂತ ಸುತ್ತಲೂ ಅರ್ಧ ಸೆಂಟಿಮೀಟರ್ ಒಳಗೆ ಕತ್ತರಿಸಿ, ಬ್ಯಾಗು ತುಂಬಿದಾಗ ಉಬ್ಬುತ್ತದೆ. ಅಗಲ 6 ಸೆಂಟಿಮೀಟರ್ ದಾಟಿಸಬೇಡಿ, ಮೊಣಕಾಲು ತಾಗುತ್ತದೆ. ಬಾಟಲಿ ಬೋಲ್ಟ್ ತಲೆ ಎಲ್ಲಿ ಬರುತ್ತದೆ ಎಂದು ರಟ್ಟಿನ ಮೇಲೆ ಗುರುತು ಹಾಕಿ, ಅಲ್ಲಿ ಒಳಗಿನಿಂದ ರೆಕ್ಸಿನ್ ತೇಪೆ ಹಾಕಿಸಿ. ಇಲ್ಲದಿದ್ದರೆ ತಿಕ್ಕಿ ತಿಕ್ಕಿ ಅಲ್ಲೇ ತೂತು ಬೀಳುತ್ತದೆ. ಜಿಪ್ ದಪ್ಪ ಹಲ್ಲಿನದ್ದು ಬೇಕು. ಸಣ್ಣ ಜಿಪ್ ದೂಳಿಗೆ ಕಚ್ಚಿಕೊಳ್ಳುತ್ತದೆ. ಜಿಪ್ ಎಡಗಡೆ ಇರಲಿ ಎಂದು ನಾನು ಹೇಳಿದರೆ ಕಾಕಾ ಸೈಕಲ್ಲನ್ನೇ ನೋಡುತ್ತಾ ನಿಂತರು. "ಇಳದ್ ನಿಂತಾಗ ನೀವು ಎಡಕ್ಕ ನಿಲ್ತೀರಿ, ಅದು ಖರೆ. ಆದ್ರ ಜಿಪ್ ಮ್ಯಾಲ ಬಟ್ಟಿ ಮಡಚಬೇಕ್ರಿ, ಉಸುಕು ಹೊಗ್ತೈತಿ." ಅವರೇ ಮೇಲೊಂದು ಪಟ್ಟಿ ಹೊಲಿದುಕೊಟ್ಟರು. ಮರಳಿಗೂ ಮಳೆಗೂ ಅದು ಬೇಕೇ ಬೇಕು.

ಭಾರವಾದದ್ದೆಲ್ಲ ಈ ನಡುವಿನ ಬ್ಯಾಗಿಗೆ ಹೋಗಲಿ: ನೀರು, ಟೂಲ್, ಪವರ್ ಬ್ಯಾಂಕ್. ಸೀಟಿನ ಹಿಂದಿನ ಬ್ಯಾಗಿಗೆ ಬಟ್ಟೆ. ಹ್ಯಾಂಡಲ್ ಮೇಲೆ ಮಲಗುವ ಸಾಮಾನು. ನೀರು, ಊಟ ಬಿಟ್ಟು ಎಲ್ಲ ಸೇರಿ 8 ಕಿಲೋ ಒಳಗೆ ನಿಲ್ಲಿಸಲು ನೋಡಿ. ತರಕಾರಿ ತೂಗುವ ಕೊಕ್ಕೆ ತಕ್ಕಡಿಗೆ ಒಂದೊಂದೇ ಬ್ಯಾಗು ತೂಗುಹಾಕಿದರೆ ಯಾವುದು ಸುಮ್ನೆ ಬರುತ್ತಿದೆ ಎಂದು ಗೊತ್ತಾಗುತ್ತದೆ.

ಚಳಿ

ನಮ್ಮವರು ನಂಬದ ವಿಷಯ ಇದು. ಮರುಭೂಮಿಯ ಗಾಳಿ ಒಣ, ಮೋಡ ಇಲ್ಲ. ಹಗಲಿನ ಬಿಸಿಯೆಲ್ಲ ಸೂರ್ಯ ಮುಳುಗಿದ ಮೇಲೆ ಆಕಾಶಕ್ಕೆ ಹೋಗಿಬಿಡುತ್ತದೆ. ಹೈ ಅಟ್ಲಾಸ್ ಪರ್ವತಗಳಲ್ಲಿ 2,000 ಮೀಟರ್ ದಾಟಿದ ಘಾಟ್‌ಗಳಲ್ಲಿ ಫೆಬ್ರವರಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಹಿಮವೂ ಇರುತ್ತದೆ. ಹತ್ತುವಾಗ ಬೆವರಿ ಬನಿಯನ್ ತೊಯ್ದಿರುತ್ತದೆ. ಇಳಿಜಾರು ಶುರುವಾದ ಐದು ನಿಮಿಷಕ್ಕೆ ಬೆರಳು ಬ್ರೇಕ್ ಹಿಡಿಯದಷ್ಟು ಮರಗಟ್ಟುತ್ತವೆ. ಹಾಗಾಗಿ ತುದಿ ಮುಟ್ಟುವ ಮೊದಲೇ, ಗಾಳಿ ತಾಗದ ತಿರುವಿನಲ್ಲಿ ನಿಂತು, ಒಣ ಬನಿಯನ್ ಹಾಕಿ ಮೇಲೆ ಜಾಕೆಟ್ ಏರಿಸಿ.

ಬೇಕಾದ್ದು: ಉಣ್ಣೆಯ ತೆಳು ಒಳ ಅಂಗಿ, ಪುಕ್ಕ ತುಂಬಿದ ಹಗುರ ಡೌನ್ ಜಾಕೆಟ್, ಗಾಳಿ ಮಳೆ ತಡೆಯುವ ಹೊರ ಜಾಕೆಟ್, ಎರಡು ಪದರದ ಕೈಗವಸು, ಕಿವಿ ಮುಚ್ಚುವ ಟೊಪ್ಪಿಗೆ. ಮಲಗಲು ಸೊನ್ನೆ ಡಿಗ್ರಿಗೆ ಆರಾಮ ಎಂದು ಬರೆದಿರುವ ಸ್ಲೀಪಿಂಗ್ ಬ್ಯಾಗ್, ಮೇಲೆ ಬಿವಿ ಚೀಲ (ಸ್ಲೀಪಿಂಗ್ ಬ್ಯಾಗಿಗೆ ಹಾಕುವ ಹೊರ ಕವರ್). ಚೀಟಿಯಲ್ಲಿ ಕಂಫರ್ಟ್, ಲಿಮಿಟ್ ಎಂದು ಎರಡು ಅಂಕಿ ಇರುತ್ತವೆ. ಕಂಫರ್ಟ್ ಅಂಕಿಯನ್ನೇ ನೋಡಿ, ಲಿಮಿಟ್ ಅಂಕಿಗೆ ಮಲಗಿದರೆ ನಡುಗುತ್ತಾ ಬೆಳಗು ಮಾಡಬೇಕು. ನೆಲದ ಚಳಿ ತಡೆಯಲು ತೆಳು ಮ್ಯಾಟ್ ಬೇಕೇ ಬೇಕು. ನಮ್ಮ ಕುರುಬರ ಕಂಬಳಿ ಇದಕ್ಕೆಲ್ಲ ಮೇಲು, ತೂಕ ಒಂದೇ ತಕರಾರು.

ಪರೀಕ್ಷೆ ಡಿಸೆಂಬರ್‌ನಲ್ಲಿ ಮಾಡಿ. ಊರ ಹೊರಗೆ ಹೊಲದಲ್ಲಿ, ಇದೇ ಸಾಮಾನಿನಲ್ಲಿ, ಇದೇ ಬಟ್ಟೆಯಲ್ಲಿ ಮಲಗಿ. ನಮ್ಮಲ್ಲಿ 10 ಡಿಗ್ರಿ ಆಸುಪಾಸಿಗೆ ಇಳಿಯುವ ರಾತ್ರಿ ಸಿಗುತ್ತದೆ. ಅಲ್ಲೇ ಚಳಿಯಾದರೆ ಅಟ್ಲಾಸ್‌ಗೆ ಆ ಬ್ಯಾಗ್ ನಡೆಯುವುದಿಲ್ಲ. ಕತ್ತಲಲ್ಲಿ, ಕೈಗವಸು ಹಾಕಿಕೊಂಡೇ ಎಲ್ಲ ಬಿಚ್ಚಿ ಮತ್ತೆ ಕಟ್ಟಿ ನೋಡಿ.

ನೀರು, ಊಟ

ಲೆಕ್ಕ ಸುಲಭ. ಎರಡು ಊರಿನ ನಡುವೆ 80 ಕಿ.ಮೀ., ವೇಗ ಗಂಟೆಗೆ 10 ಅಂದರೆ 8 ಗಂಟೆ. ಗಂಟೆಗೆ ಅರ್ಧ ಲೀಟರ್ ಹಿಡಿದರೂ 4 ಲೀಟರ್. ಬಿಸಿಲಿದ್ದರೆ 6. ಖಾಲಿ ಇದ್ದಾಗ ಮಡಚಿಡುವ ಚೀಲ ಒಂದಿಟ್ಟುಕೊಂಡರೆ ಉದ್ದ ದಾರಿಗೆ ಮಾತ್ರ ತುಂಬಿಸಬಹುದು. ಬಾವಿ ನೀರಿಗೆ ಫಿಲ್ಟರ್ ಅಥವಾ ಕ್ಲೋರಿನ್ ಮಾತ್ರೆ. ಓಆರ್‌ಎಸ್ ಪುಡಿ ಔಷಧಿ ಅಂಗಡಿಯದ್ದೇ ಇರಲಿ, ಪ್ಯಾಕೆಟ್ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟಕ್ಕೇ ಕಲಸಿ.

ಊಟದಲ್ಲಿ ನಮ್ಮ ಭಾಗ ಶ್ರೀಮಂತ. ಅಮೀನಗಡದ ಕರದಂಟು, ತಿಕೋಟಾ ಕಡೆಯ ಒಣದ್ರಾಕ್ಷಿ, ಶೇಂಗಾ ಹೋಳಿಗೆ. ಅಂಗಡಿಯ ಎನರ್ಜಿ ಬಾರ್‌ನಲ್ಲಿ ಇರುವುದೂ ಬೆಲ್ಲ, ಬೀಜದಂಥದ್ದೇ ಅಲ್ವಾ? ಕರದಂಟು ಚಳಿಗೆ ಕಲ್ಲಾಗುತ್ತದೆ, ಮನೆಯಲ್ಲೇ ಬೆರಳುದ್ದ ತುಂಡು ಮಾಡಿ ಸುತ್ತಿಡಿ. ಖಡಕ್ ರೊಟ್ಟಿ ಒಯ್ಯಬೇಡಿ, ಮೊದಲ ಕಲ್ಲು ದಾರಿಯಲ್ಲೇ ಹಿಟ್ಟಾಗುತ್ತದೆ. ಶೇಂಗಾ ಚಟ್ನಿ ಪುಡಿ ಮಾತ್ರ ಒಯ್ಯಿರಿ. ಅಲ್ಲಿ ಖೊಬ್ಜ್ ಎನ್ನುವ ದುಂಡನೆಯ ಬ್ರೆಡ್ ಹಳ್ಳಿಗಳಲ್ಲೂ ಸಿಗುತ್ತದೆ, ಜೊತೆಗೆ ಆಲಿವ್ ಎಣ್ಣೆ, ಖರ್ಜೂರ, ಪುದೀನಾ ಚಹಾ. ಆ ಬ್ರೆಡ್ಡಿಗೆ ಎಣ್ಣೆ, ಚಟ್ನಿ ಹಚ್ಚಿದರೆ ಸಸ್ಯಾಹಾರಿಗಳಿಗೆ ಚಿಂತೆ ಇಲ್ಲ.

ಪೆಟ್ಟಿಗೆ ಮತ್ತು ಪ್ರಯಾಣ

ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬಂದ ರಟ್ಟಿನ ಪೆಟ್ಟಿಗೆ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಪೆಡಲ್ ಬಿಚ್ಚುವಾಗ ನೆನಪಿರಲಿ, ಎಡಗಡೆಯದ್ದು ಉಲ್ಟಾ ಮರೆ (ಥ್ರೆಡ್). ಎರಡೂ ಕಡೆ ಹಿಂದಿನ ಗಾಲಿಯ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಗಾಲಿಯ ಬ್ರೇಕ್ ಡಿಸ್ಕ್ ಬಿಚ್ಚಿ ಬೇರೆ ಇಡಿ. ಬ್ರೇಕ್ ಪ್ಯಾಡ್ ನಡುವೆ ಮಡಚಿದ ರಟ್ಟು ತೂರಿಸಿ, ಇಲ್ಲದಿದ್ದರೆ ಲಿವರ್ ಒತ್ತಿದ ಕೂಡಲೇ ಪಿಸ್ಟನ್ ಹೊರಬರುತ್ತದೆ. ಹಿಂದಿನ ಡಿರೇಲರ್ ಬಿಚ್ಚಿ, ಬಟ್ಟೆ ಸುತ್ತಿ ಫ್ರೇಮಿನ ಒಳಗೆ ಕಟ್ಟಿ. ಫೋರ್ಕ್ ತುದಿಗಳ ನಡುವೆ ಅಳತೆಗೆ ಸರಿಯಾದ ಮರದ ತುಂಡು ಇಡಿ. ಫ್ರೇಮಿಗೆ ಎಸಿ ಪೈಪಿನ ಕಪ್ಪು ಫೋಮ್ ಹಾಕಿದರೆ ಸಾಕು. ಸಣ್ಣ ಬೋಲ್ಟುಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ ಅದನ್ನು ಫ್ರೇಮಿಗೆ ಕಟ್ಟಿ. ಪೆಟ್ಟಿಗೆ ಹರಿದರೆ ಮೊದಲು ಬಿದ್ದುಹೋಗುವುದು ಅದೇ. ಎಷ್ಟೋ ವಿಮಾನಗಳಲ್ಲಿ ಮಿತಿ 23 ಕಿಲೋ. ಟಿಕೆಟ್ ಕೊಳ್ಳುವ ಮೊದಲೇ ಸೈಕಲ್ ಒಯ್ಯುವ ನಿಯಮ ಓದಿ, ಬುಕಿಂಗ್‌ನಲ್ಲಿ ಸೇರಿಸಿ, ಮುದ್ರಿಸಿದ ಕಾಗದ ಕೈಯಲ್ಲಿರಲಿ.

ಪವರ್ ಬ್ಯಾಂಕ್ ಪೆಟ್ಟಿಗೆಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್ ಅವರ್. 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ, ಚಿಂತೆ ಇಲ್ಲ. ಸ್ಟವ್ ಗ್ಯಾಸ್ ಡಬ್ಬಿ ಯಾವ ಚೀಲದಲ್ಲೂ ನಡೆಯುವುದಿಲ್ಲ. ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಾಧನ ಇಟ್ಟುಕೊಳ್ಳುವ ಆಸೆ ಬಿಡಿ. ಅದು ಇರಿಡಿಯಂ ಜಾಲದಲ್ಲಿ ಕೆಲಸ ಮಾಡುತ್ತದೆ, ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಂಡರೆ ಅಪರಾಧ. ನಮ್ಮ ವಿಮಾನ ನಿಲ್ದಾಣಗಳಲ್ಲಿ ವಿದೇಶಿಯರೇ ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ಡ್ರೋನ್ ಕೂಡ ಬೇಡ, ಅದು ಮೊರೊಕ್ಕೊದಲ್ಲಿ ಜಪ್ತಿಯಾಗುತ್ತದೆ.

ವಿಜಯಪುರದಿಂದ ಮುಂಬೈಗೆ ಸೊಲ್ಲಾಪುರದ ಮೇಲೆ ರೈಲಿದೆ. ಪೆಟ್ಟಿಗೆಯನ್ನು ಬ್ರೇಕ್ ವ್ಯಾನಿಗೆ ಬುಕ್ ಮಾಡಿ, ರಸೀದಿ ಜೋಪಾನ. ಸ್ಲೀಪರ್ ಬಸ್ಸಾದರೆ ಡಿಕ್ಕಿಯಲ್ಲಿ ಪೆಟ್ಟಿಗೆ ಅಡ್ಡ ಮಲಗಿಸಿ ಮೇಲೆ ಈರುಳ್ಳಿ ಚೀಲ ಹೇರುತ್ತಾರೆ. ಮೊದಲೇ ಮಾತಾಡಿ, ಹತ್ತುವಾಗ ನೀವೇ ನಿಂತು ಇಡಿಸಿ. ವಿಮಾನದ ಹಿಂದಿನ ದಿನವೇ ಮುಂಬೈ ಸೇರಿ. ಅಲ್ಲಿಂದ ಕಾಸಾಬ್ಲಾಂಕಾಗೆ ದೋಹಾ, ದುಬೈ ಅಥವಾ ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿ ಹೋಗಬಹುದು. ಬದಲಿಸಲು ಕನಿಷ್ಠ ಮೂರು ಗಂಟೆ ಇರುವ ಟಿಕೆಟ್ ನೋಡಿ. ನೀವು ಓಡಿ ಹಿಡಿದರೂ ಪೆಟ್ಟಿಗೆ ಹಿಂದೆ ಉಳಿಯಬಹುದು. ಕಾಸಾಬ್ಲಾಂಕಾದಿಂದ ಮರಕೇಶ್‌ಗೆ ರೈಲಿದೆ. ರೇಸಿಗೆ ಮೂರು ದಿನ ಮೊದಲೇ ತಲುಪಿದರೆ ಪೆಟ್ಟಿಗೆ ತಡವಾದರೂ ಉಸಿರಾಡಲು ಸಮಯ ಇರುತ್ತದೆ.

ಭಾರತೀಯರಿಗೆ ವೀಸಾ ಬೇಕು. ಪಾಸ್‌ಪೋರ್ಟ್ ಅವಧಿ ಆರು ತಿಂಗಳಾದರೂ ಉಳಿದಿರಲಿ. ಅಲ್ಲಿನ ಹಣ ದಿರ್ಹಮ್, ಅದನ್ನು ಅಲ್ಲಿಗೆ ಹೋದ ಮೇಲೇ ಬದಲಿಸಿಕೊಳ್ಳಿ. ಗುಡ್ಡದ ಹಳ್ಳಿಗಳಲ್ಲಿ ಕಾರ್ಡು ನಡೆಯುವುದಿಲ್ಲ, ಚಿಲ್ಲರೆ ನೋಟು ಇರಲಿ. ನಮ್ಮ ದುಂಡು ಎರಡು ಕಡ್ಡಿಯ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಕೂರುತ್ತದೆ. ಸ್ಥಳೀಯ ಸಿಮ್ ಹಾಕಿಸಿ, ನಕ್ಷೆಯನ್ನು ಮಾತ್ರ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ.

ಇಂಥ ರೇಸ್ ಶುರುವಾದ ಊರಿನಲ್ಲೇ ಮುಗಿಯುವುದಿಲ್ಲ. ಹಾಗಾಗಿ ಪೆಟ್ಟಿಗೆಯನ್ನು ಮರಕೇಶ್‌ನ ಹೋಟೆಲ್‌ನಲ್ಲೇ ಇಟ್ಟು ಹೋಗಲು ಬುಕ್ ಮಾಡುವಾಗಲೇ ಕೇಳಿ. ವಾಪಸ್ ಬಂದು ಅದೇ ಹೋಟೆಲ್‌ನಲ್ಲಿ ಒಂದು ರಾತ್ರಿ ಉಳಿಯುತ್ತೇನೆ ಎಂದರೆ ಒಪ್ಪುವುದು ಸುಲಭ. ರೇಸ್ ಅಗಾದಿರ್ ಕಡೆ ಮುಗಿದರೆ ಅಲ್ಲಿಂದ ಮರಕೇಶ್‌ಗೆ ಸಿಟಿಎಂ, ಸುಪ್ರಾತೂರ್ ಬಸ್ಸುಗಳಿವೆ, ಸೈಕಲ್ಲಿಗೆ ಬೇರೆ ಚಾರ್ಜು ಕೊಟ್ಟು ಡಿಕ್ಕಿಯಲ್ಲಿ ಹಾಕಿಸಬಹುದು. ಪ್ಯಾಕ್ ಮಾಡಲು ಟೇಪ್, ಜಿಪ್ ಟೈ, ಫೋಮ್ ಎಲ್ಲವನ್ನೂ ಆ ಪೆಟ್ಟಿಗೆಯೊಳಗೇ ಬಿಟ್ಟು ಹೋಗಿ. ವಾಪಸಿನ ವಿಮಾನ ರೇಸಿನ ಕೊನೆ ಗಡುವಿಗಿಂತ ಎರಡು ದಿನ ಆಚೆಗೆ ಇರಲಿ.