ಆಲಿಕೆಯ ಟೊಪ್ಪಿಗೆ, ಮಸುಕಾದ ಮುಖ

ತಲೆಯ ಮೇಲೆ ತಗಡಿನ ಆಲಿಕೆ ಮಗುಚಿಕೊಂಡು, ಗಂಭೀರ ಮುಖ ಮಾಡಿ ದಿನಕ್ಕೊಂದು ಸ್ವಂತ ಚಿತ್ರ: 40 ದಿನಗಳ ಚಾರಣಕ್ಕೆ ನಾನು ಹಾಕಿಕೊಂಡ ಯೋಜನೆ ಇದು. ಯಾಕೆಂದು ಕೇಳಬೇಡಿ. ಮನೆಯವರು ಕೇಳಿ ಸುಮ್ಮನಾಗಿದ್ದಾರೆ.

ತಾಲೀಮಿಗೆಂದು ನಡೆದ ಮೂರು ದಿನಗಳಲ್ಲಿ ತೆಗೆದದ್ದೆಲ್ಲ ಹಾಳು. ಹಿಂದಿನ ಮರದ ತೊಗಟೆಯ ಬಿರುಕುಗಳನ್ನು ಎಣಿಸಬಹುದು, ನನ್ನ ಮುಖ ಮಾತ್ರ ಹಿಟ್ಟು ಬಳಿದಂತೆ ಮಸುಕು. ಮಸೂರವನ್ನು ಒರೆಸಿದ್ದೇ ಒರೆಸಿದ್ದು. ಕಾರಣ ಬೇರೆಯೇ ಇತ್ತು. ಟೈಮರ್ ಇಟ್ಟಾಗ ನನ್ನ ಕ್ಯಾಮೆರಾ ಗುಂಡಿ ಒತ್ತಿದ ಕ್ಷಣದಲ್ಲೇ ಫೋಕಸ್ ಮಾಡಿ ಮುಗಿಸುತ್ತದೆ. ಆಗ ನಾನು ಚೌಕಟ್ಟಿನೊಳಗೆ ಎಲ್ಲಿದ್ದೇನೆ? ಕ್ಯಾಮೆರಾದ ಹಿಂದೆ ಬಗ್ಗಿ ನಿಂತಿರುತ್ತೇನೆ!

ಈಗ ನಿಲ್ಲುವ ಜಾಗದಲ್ಲಿ ಚಾರಣದ ಕೋಲು ನೆಟ್ಟು, ತುದಿಗೆ ಆಲಿಕೆ ಸಿಕ್ಕಿಸಿ, ಅದರ ಅಂಚಿಗೆ ಫೋಕಸ್ ಮಾಡಿ, ಅದು ಮತ್ತೆ ತಾನಾಗಿ ಬದಲಾಗದಂತೆ ಮ್ಯಾನ್ಯುಯಲ್‌ಗೆ ಬದಲಿಸುತ್ತೇನೆ. ಅಪರ್ಚರ್, ಅಂದರೆ ಮಸೂರದೊಳಗೆ ಬೆಳಕು ಬಿಡುವ ಕಿಂಡಿ, ಎಫ್ 8ರಷ್ಟು ಕಿರಿದಾಗಿಟ್ಟರೆ ಅರ್ಧ ಹೆಜ್ಜೆ ಆಚೀಚೆ ಆದರೂ ನಡೆಯುತ್ತದೆ. ಆಮೇಲೆ 10 ಸೆಕೆಂಡುಗಳ ಓಟ: ಆಲಿಕೆ ಕಿತ್ತು ತಲೆಗೇರಿಸಿ, ಏದುಸಿರು ನುಂಗಿ, ಕೋಲು ಹಿಡಿದು ಅಲ್ಲೇ ನಿಲ್ಲುವುದು.

ಒಂದೂವರೆ ಕಿಲೋ ತೂಗುವ ಟ್ರೈಪಾಡನ್ನು ಸಾಮಾನಿನ ಪಟ್ಟಿಯಿಂದ ತೆಗೆದು, ಕೊಂಬೆಗೆ ಕಚ್ಚಿಸುವ ಪುಟ್ಟ ಕ್ಲ್ಯಾಂಪ್ ಸೇರಿಸಿದ್ದೇನೆ. ಆಲಿಕೆ ಬಾಟಲಿಗೆ ನೀರು ತುಂಬಲು ಎಂದು ಮನೆಯವರಿಗೆ ಹೇಳಿದ್ದೇನೆ.